ಕಾಮಿ ಚಿಕ್ಕಿಯ ಬಚ್ಚಲ ಒಲೆ

ನಮ್ಮ ಶೆಟಗೇರಿಯಲ್ಲಿ ಬೆಳಗಾಗುತ್ತಲೇ ಮೂಗಿಗೆ ಬಡಿಯುವುದು ಪ್ಲಾಸ್ಟಿಕ್ ಸುಟ್ಟ ವಾಸನೆ. ಅಡುಗೆಗೆ ಮನೆಮನೆಗೂ ಗ್ಯಾಸ್ ಬಂದಿದೆ. ಸ್ನಾನದ ನೀರು ಮಾತ್ರ ಇವತ್ತಿಗೂ ಬಚ್ಚಲ ಒಲೆಯ ಮೇಲೆ, ಹಂಡೆಯಲ್ಲೇ ಕಾಯಬೇಕು. ಅದು ತಪ್ಪಲ್ಲ. ಆದರೆ ಆ ಒಲೆ ಹೊತ್ತಿಸಲು ನಾವು ಹಾಕುವುದೇನು? ಹಾಲಿನ ಪಾಕೀಟು, ಎಣ್ಣೆ ಪಾಕೀಟು, ಅಂಗಡಿಯಿಂದ ತಂದ ಕೊಟ್ಟೆ, ಹರಿದ ಚಪ್ಪಲಿ. ಪ್ಲಾಸ್ಟಿಕ್ ಚೀಲಕ್ಕೆ ನಮ್ಮ ಕಡೆ ಕೊಟ್ಟೆ ಅನ್ನುತ್ತೇವೆ. ಸುಡಬೇಡಿ, ಸುಡಬೇಡಿ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿಹೋಗಿದೆ.

ನಾನು ನೀಲಾ. ಪಂಚಾಯ್ತಿಯ ಕಸದ ಗಾಡಿಯಲ್ಲಿ ಕೆಲಸ ಮಾಡುತ್ತೇನೆ. ಊರಿಗೆಲ್ಲ ತಿಳಿವಳಿಕೆ ಹೇಳುವ ನನಗೆ ಬೇಲಿಯಾಚೆಯ ಮನೆಗೆ ಹೇಳಿ ನಾಟಿಸಲು ಆಗಲಿಲ್ಲ. ಅದು ಕಾಮಿ ಚಿಕ್ಕಿಯ ಮನೆ. ಮಗ ಉಮೇಶ ಗಾರೆ ಕೆಲಸಕ್ಕೆ ಹೋಗುತ್ತಾನೆ. ಸೊಸೆ ಪೂಜಾ ತೋಡೂರಿನವಳು. ಮೊಮ್ಮಗಳು ಧನಲಕ್ಷ್ಮಿಗೆ ನಾಲ್ಕು ವರ್ಷ, ಎಲ್ಲರ ಬಾಯಲ್ಲಿ ಅವಳು ಧನು. ಚಿಕ್ಕಿ ಗದ್ದೆ ಕೆಲಸಕ್ಕೆ ಹೋಗುವ ಮುಂಚೆ ಒಲೆಗೆ ಬೆಂಕಿ ಹಾಕಿಯೇ ಹೋಗಬೇಕು. ಆ ಒಲೆಯ ಹತ್ತಿರ ಬೇರೆ ಯಾರೂ ಸುಳಿಯುವಂತಿಲ್ಲ.

"ಚಿಕ್ಕೀ, ಎಂತ ತುರುಕ್ತಿ ಒಲೆಗೆ?" ಎಂದು ನಾನು ಬೇಲಿಯಿಂದ ಕೂಗುತ್ತಿದ್ದೆ.

"ಸಕ್ರೆ ಕೊಟ್ಟೆ. ಹಸಿ ಕಟ್ಗೆಗೆ ಇದ್ರಷ್ಟು ಬೇಗ ಬೆಂಕಿ ಹಿಡ್ಸೂದು ಮತ್ತೊಂದಿಲ್ಲ."

"ಆ ಹೊಗೆಲಿ ವಿಷ ಅದೆ, ಮಾರಾಯ್ತಿ!"

"ನಾ ಹುಟ್ಟಿದಾಗಿಂದ ಹೊಗೆ ಕುಡ್ಕಂಡೇ ಬೆಳ್ದಿದ್ದು. ನಂಗೆಂತ ಆಗಿದೆ?"

"ನೀ ಸಣ್ಣೋಳಿರುವಾಗ ಕೊಟ್ಟೆ ಎಲ್ಲಿತ್ತೇ? ಅಂಗಡಿಯವ ಪೇಪರಲ್ಲಿ ಕಟ್ಟಿ ಕೊಡ್ತಿದ್ದ. ಆಗಿನ ಹೊಗೆ ಬೇರೆ, ಇದು ಬೇರೆ."

"ಬೆಳಗಾಮುಂಚೆ ತಲೆ ತಿನ್ಬೇಡ ನೀಲಾ. ನಿನ್ನ ಗಾಡಿ ನಮ್ಮ ಓಣಿಗೆ ಬರ್ತದ್ಯಾ ಮೊದ್ಲು? ತಿರುವಲ್ಲಿ ನಿಂತ್ಕಂಡು ಪೀಂ ಅಂತದೆ. ನಾ ಗಂಟು ಹಿಡ್ಕಂಡು ಓಡಿ ಬರೂದ್ರೊಳಗೆ ಮಾಯ!"

ಅದು ಸುಳ್ಳಲ್ಲ. ಓಣಿಯ ಎರಡೂ ಕಡೆ ಕಲ್ಲಿನ ಪಾಗಾರದ ಗೋಡೆ, ಗಾಡಿ ಒಳಗೆ ಹಿಡಿಯುವುದಿಲ್ಲ. ಚಿಕ್ಕಿ ಗೆದ್ದವಳಂತೆ ಇನ್ನೊಂದು ಪಾಕೀಟು ಒಳಗೆ ನೂಕುತ್ತಿದ್ದಳು.

ಅಷ್ಟರಲ್ಲಿ ಧನುವಿಗೆ ಕೆಮ್ಮು ಶುರುವಾಯಿತು. ಬೆಳಿಗ್ಗೆ ಎದ್ದ ಕೂಡಲೇ ಕೆಮ್ಮು, ಎದೆಯಲ್ಲಿ ಸುಂಯ್ ಸುಂಯ್ ಸದ್ದು. ಚಿಕ್ಕಿ ಮೊದಲು ಐಸ್ ಕ್ಯಾಂಡಿಯನ್ನು ಬೈದಳು. ಆಮೇಲೆ ಗೇರುಹಣ್ಣಿನ ಸೊನೆ ಗಂಟಲಿಗೆ ಹಿಡಿದಿದೆ ಅಂದಳು. ಗೇರುಹಣ್ಣಿನ ಕಾಲವೂ ಮುಗಿಯಿತು, ಕೆಮ್ಮು ಮುಗಿಯಲಿಲ್ಲ. ಆಗ ತಪ್ಪು ಪೂಜಾಳ ಮೇಲೆ ಬಂತು.

"ತಲೆ ಮಿಂದದ್ದನ್ನ ಸರಿ ಒರ್ಸೂದಿಲ್ಲ ನೀನು. ಮತ್ತೆ ಥಂಡಿ ಆಗ್ದೆ ಎಂತ ಆಗ್ತದೆ?"

"ಅತ್ತೆ, ಹೊಗೆ ಒಳಗೆ ಬಂದ್ಕೂಡ್ಲೆ ಅವ್ಳು ಕೆಮ್ಮೂದು. ನೀವೇ ನೋಡಿ."

"ಎಲ್ಲಾ ಮನೇಲೂ ಹೊಗೆ ಅದೆ. ಎಲ್ಲಾ ಮಕ್ಳೂ ಕೆಮ್ಮಿದ್ವಾ?"

ಒಂದು ದಿನ ಧನುವನ್ನು ಅಂಕೋಲೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಜೊತೆಗೆ ನಾನೂ ಹೋಗಿದ್ದೆ. ಡಾಕ್ಟರು ಎದೆಗೆ ಕೊಳವೆ ಹಿಡಿದು ಕೇಳಿದರು, ಮುಖಕ್ಕೆ ಮಾಸ್ಕ್ ಹಾಕಿ ಔಷಧದ ಹಬೆ ಕೊಟ್ಟರು. ನಂತರ ಕೇಳಿದರು, "ಮನೇಲಿ ಬೀಡಿ, ಸಿಗರೇಟು ಸೇದೋರು ಇದ್ದಾರಾ?"

ಕಾಮಿ ಚಿಕ್ಕಿ ಎದೆಯೆತ್ತಿ ಹೇಳಿದಳು, "ನಮ್ಮನೇಲಿ ಬೀಡಿ ಮುಟ್ಟಿದವ್ರೇ ಇಲ್ಲ."

"ಬೇರೆ ಹೊಗೆ ಏನಾದರೂ?"

ಪೂಜಾ ಬಾಯಿ ತೆರೆಯುವುದರೊಳಗೆ ಚಿಕ್ಕಿ, "ಅಡ್ಗೆ ಗ್ಯಾಸಲ್ಲೇ ಡಾಕ್ಟ್ರೇ" ಎಂದುಬಿಟ್ಟಳು. ನನಗೆ ತಡೆಯಲಾಗಲಿಲ್ಲ. "ಬಚ್ಚಲ ಒಲೆಗೆ ಪ್ಲಾಸ್ಟಿಕ್ ಹಾಕ್ತಾರೆ ಡಾಕ್ಟ್ರೇ, ದಿನಾ ಬೆಳಿಗ್ಗೆ" ಅಂದೆ. ಡಾಕ್ಟರು ಪೆನ್ನು ಕೆಳಗಿಟ್ಟರು. ಪ್ಲಾಸ್ಟಿಕ್ ಸುಟ್ಟ ಹೊಗೆ ದೊಡ್ಡವರ ಶ್ವಾಸಕೋಶಕ್ಕೇ ಕೆಟ್ಟದ್ದು, ಮಕ್ಕಳಿಗಂತೂ ಇನ್ನೂ ಕೆಟ್ಟದ್ದು, ಉಬ್ಬಸ ಇರುವ ಮಗುವನ್ನು ಯಾವ ಹೊಗೆಯ ಹತ್ತಿರವೂ ಬಿಡಬೇಡಿ ಎಂದು ಬಿಡಿಸಿ ಹೇಳಿದರು. ಚಿಕ್ಕಿ ತಲೆಯಾಡಿಸಿದಳು. ಹೊರಗೆ ಬಂದು ನನ್ನನ್ನು ಸುಡುವ ಹಾಗೆ ನೋಡಿ, "ನಮ್ಮನೆ ಮರ್ಯಾದೆ ತೆಗೂಕೇ ಬಂದಿದ್ಯಾ ನೀ?" ಅಂದಳು.

ಮಾರನೆಯ ಬೆಳಿಗ್ಗೆ ಬೇಲಿಯಾಚೆಯಿಂದ ಅದೇ ಕಪ್ಪು ಹೊಗೆ. ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಪೂಜಾಳ ತವರಿನಲ್ಲಿ ಅವಳ ತಂಗಿಯ ಮದುವೆ ಇತ್ತು. ಮಗಳನ್ನು ಕರೆದುಕೊಂಡು ತೋಡೂರಿಗೆ ಹೋಗಿ ಒಂದು ವಾರ ಉಳಿದಳು. ಅಲ್ಲಿ ಧನು ಐಸ್ ಕ್ಯಾಂಡಿಯನ್ನೂ ತಿಂದಳು, ಮಳೆಯಲ್ಲೂ ನೆನೆದಳು. ಆದರೂ ಕೆಮ್ಮು ದಿನದಿನಕ್ಕೆ ಕಡಿಮೆಯಾಗಿ ನಿಂತೇ ಹೋಯಿತು. ಶೆಟಗೇರಿಗೆ ಬಂದ ಮೇಲೆ ಮತ್ತೆ ಶುರು. ಈ ಸಲ ಕೆಮ್ಮಿನಲ್ಲೇ ಮುಗಿಯಲಿಲ್ಲ. ಒಂದು ಬೆಳಿಗ್ಗೆ ಪೂಜಾ ಕಿರುಚಿದ್ದು ಕೇಳಿ ನಾನು ಬೇಲಿ ದಾಟಿ ಓಡಿದೆ. ಮಗುವಿಗೆ ಉಸಿರು ಎಳೆಯಲು ಆಗುತ್ತಿರಲಿಲ್ಲ. ಪಕ್ಕೆಯೆಲುಬುಗಳ ನಡುವಿನ ಚರ್ಮ ಒಳಗೆ ಹೋಗುತ್ತಿತ್ತು, ತುಟಿ ನೀಲಿ ತಿರುಗಿತ್ತು. ಬಚ್ಚಲಲ್ಲಿ ಹೊಗೆ ಇನ್ನೂ ಸುತ್ತುತ್ತಿತ್ತು. ಉಮೇಶ ಬೈಕು ತೆಗೆದ, ಪೂಜಾ ಮಗುವನ್ನು ಎದೆಗವಚಿಕೊಂಡು ಹಿಂದೆ ಕೂತಳು. ಕಾಮಿ ಚಿಕ್ಕಿ ಅಂಗಳದಲ್ಲಿ ನಿಂತು ದೇವರಿಗೆ ಹರಕೆ ಹೇಳಿಕೊಂಡಳು. ನಾನು ಬಚ್ಚಲಿಗೆ ಹೋಗಿ ಒಲೆಗೆ ನೀರು ಸುರಿದೆ.

ಸಮಯಕ್ಕೆ ಆಸ್ಪತ್ರೆ ಮುಟ್ಟಿದ್ದರಿಂದ ಧನು ಉಳಿದಳು. ಬಿಡುಗಡೆಯಾದ ದಿನ ಪೂಜಾ ಮನೆಗೆ ಬರಲಿಲ್ಲ. ಆಸ್ಪತ್ರೆಯಿಂದ ನೆಟ್ಟಗೆ ತೋಡೂರಿಗೆ ಹೋದಳು. ಗಂಡನಿಗೆ ಹೇಳಿದ್ದು ಒಂದೇ ಮಾತು, "ಆ ಒಲೆಗೆ ಪ್ಲಾಸ್ಟಿಕ್ ಬೀಳೂದು ನಿಲ್ಲೂವರೆಗೂ ನಾ ಬರೂದಿಲ್ಲ. ನಂಗೆ ನನ್ನ ಮಗ್ಳು ಬೇಕು."

ಓಣಿಯ ತುಂಬ ಗುಸುಗುಸು. ಚಿಕ್ಕಿಗೆ ಸಿಟ್ಟೋ ಸಿಟ್ಟು. "ಒಲೆ ಸಲುವಾಗಿ ಗಂಡನ ಮನೆ ಬಿಡೂದು ಯಾವ ಊರಲ್ಲಿ ಅದೆ?" ಎಂದು ಸಿಕ್ಕಿದವರನ್ನೆಲ್ಲ ಕೇಳಿದಳು. ಅಷ್ಟು ದಿನ ಅವ್ವಿಯ ಎದುರು ಬಾಯಿ ಬಿಡದಿದ್ದ ಉಮೇಶನಿಗೂ ಸಾಕಾಯಿತು.

"ಅವ್ವಿ, ನಂಗೆ ನಿಮ್ಮಿಬ್ರ ನಡುವೆ ಬದ್ಕಿ ಸಾಕಾಗಿದೆ. ನೀ ಒಂದ್ಸಲ ತೋಡೂರಿಗೆ ಹೋಗು. ಧನುನ ಕಣ್ಣಾರೆ ನೋಡು. ಆಮೇಲೆ ನಿಂಗೆ ಬೇಕಾದ್ದು ಸುಡು."

ಚಿಕ್ಕಿ ನನ್ನ ಬಾಗಿಲಿಗೆ ಬಂದಳು. "ನೀ ಬಾ ಜೊತೆಗೆ. ನಾ ಒಬ್ಳೇ ಹೋದ್ರೆ ಅವ್ಳ ಸಂಗ್ತಿ ಜಗ್ಳ ಆಗ್ತದೆ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಸಂಗಡವೇ ಜಗಳವಾಡಿದಳು. ತೋಡೂರಿನಲ್ಲಿ ಇಳಿದು ಹೋದರೆ, ಧನು ಅಂಗಳದಲ್ಲಿ ಕರುವಿನ ಹಿಂದೆ ಓಡುತ್ತಿದ್ದಳು. ಓಡುತ್ತಲೇ ನಗುತ್ತಿದ್ದಳು, ಕೂಗುತ್ತಿದ್ದಳು. ನಡುವೆ ಒಂದು ಸಲವೂ ನಿಂತು ಉಸಿರಿಗೆ ತಡಕಾಡಲಿಲ್ಲ. ಚಿಕ್ಕಿ ಬೇಲಿಯ ಹತ್ತಿರವೇ ನಿಂತು ನೋಡಿದಳು. ಮೊಮ್ಮಗಳು ಇಷ್ಟು ಓಡುವುದನ್ನು ಅವಳು ಎಷ್ಟೋ ತಿಂಗಳಿಂದ ಕಂಡಿರಲಿಲ್ಲ.

"ಅಜ್ಜೀ!" ಎಂದು ಮಗು ಬಂದು ಅವಳ ಸೀರೆಗೆ ಮುಖ ಒತ್ತಿತು. ಮರುಗಳಿಗೆ ಮೂಗು ಮುಚ್ಚಿಕೊಂಡು ಹಿಂದೆ ಸರಿಯಿತು. "ಅಜ್ಜೀ, ನಿಂಗೆ ಸುಟ್ಟ ವಾಸ್ನೆ ಬರ್ತದೆ."

ಎತ್ತಿಕೊಳ್ಳಲು ಚಾಚಿದ ಚಿಕ್ಕಿಯ ಕೈ ಹಾಗೇ ನಿಂತಿತು. ಪೂಜಾ ಬಾಗಿಲಲ್ಲಿದ್ದಳು. ಚಿಕ್ಕಿ ಜಗಲಿಯ ಮೇಲೆ ಕೂತು ಸೆರಗಿನ ತುದಿಯನ್ನು ತಾನೇ ಮೂಸಿ ನೋಡಿದಳು. ಆಮೇಲೆ ಪೂಜಾಳನ್ನು ಕೇಳಿದಳು, "ಇಲ್ಲಿ ನೀರು ಹೆಂಗೆ ಕಾಯಿಸ್ತೀರಿ?"

"ಇಲ್ಲೂ ಒಲೆನೇ ಅತ್ತೆ. ಒಣ ತೆಂಗಿನ ಸಿಪ್ಪೆ, ಗರಟೆ, ಸೋಗೆ. ಮಳೆಗಾಲಕ್ಕೆ ಮುಂಚೆನೇ ಮಾಡಿನ ಕೆಳಗೆ ಒದ್ದೆ ಆಗ್ದಂಗೆ ಒಟ್ಟಿ ಇಡೂದು. ಬೆಂಕಿ ಹಾಕೂವಾಗ ಧನುನ ಅತ್ಲಾಗೆ ಬಿಡೂದಿಲ್ಲ."

"ಮತ್ತೆ ಇದನ್ನ ಮೊದ್ಲೇ ಹೇಳೂಕೆ ಆಗ್ತಿರ್ಲಿಲ್ವಾ?"

ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಪೂಜಾ ನನ್ನ ಮುಖ ನೋಡಿದಳು. ಇಬ್ಬರಿಗೂ ನಗು ಬಂತು, ಅಳುವೂ ಬಂತು. ಚಿಕ್ಕಿಯ ಕಣ್ಣು ಆಗಲೇ ತುಂಬಿತ್ತು. "ನಗ್ಬೇಡಿ" ಅಂದಳು. "ಆ ಬೆಳಿಗ್ಗೆ ಅದ್ರ ತುಟಿ ನೀಲಿ ಆಗಿದ್ದು ನಂಗೆ ಕಣ್ಣಿಂದ ಹೋಗೂದಿಲ್ಲ. ನಾ ಹಾಕಿದ ಬೆಂಕಿ ಅಂತ ಒಪ್ಪೂಕೆ ಆಗ್ಲಿಲ್ಲ. ಅಷ್ಟೇ. ಮನೆಗೆ ಬಾ ಪೂಜಾ. ಇನ್ನು ಒಂದು ಕೊಟ್ಟೆನೂ ಸುಡೂದಿಲ್ಲ."

ಪೂಜಾ ಅಂದೇ ಹೊರಡಲಿಲ್ಲ. "ನೀಲಕ್ಕ ಎಂಟು ದಿನ ನೋಡ್ಲಿ, ಆಮೇಲೆ ಬರ್ತೆ" ಅಂದಳು. ನಾನು ನೋಡಿದೆ. ದಿನಾ ಬೆಳಿಗ್ಗೆ ಬೇಲಿಯ ಹತ್ತಿರ ನಿಂತು ಮೂಸಿಯೂ ನೋಡಿದೆ. ಆ ಎಂಟು ದಿನದಲ್ಲಿ ಉಮೇಶ ಓಣಿಯ ತಿರುವಿನ ಕಂಬಕ್ಕೆ ಒಂದು ದೊಡ್ಡ ಗೋಣಿಚೀಲ ಕಟ್ಟಿದ. ಓಣಿಯವರು ಪಾಕೀಟುಗಳನ್ನು ತೊಳೆದು, ಒಣಗಿಸಿ, ಅದರಲ್ಲಿ ಹಾಕಿದರೆ ಸಾಕು. ಗಾಡಿ ಬಂದಾಗ ನಾನು ಇಳಿದು ಚೀಲ ಬರಿದು ಮಾಡಿಕೊಳ್ಳುತ್ತೇನೆ. ಪೀಂ ಎಂದಾಗ ಯಾರೂ ಓಡಿ ಬರಬೇಕಾಗಿಲ್ಲ. ಪ್ಲಾಸ್ಟಿಕ್ ಸುಟ್ಟ ಹಳೆಯ ಬೂದಿಯನ್ನು ಚಿಕ್ಕಿ ಬಸಳೆ ಬುಡಕ್ಕೆ ಹಾಕಲು ಹೊರಟಿದ್ದಳು, ಅದನ್ನೂ ತಡೆದೆ. ಆ ವಿಷ ಮಣ್ಣಿಗೆ ಸೇರಿ ನಮ್ಮ ಹೊಟ್ಟೆಗೇ ಬರುವುದು ಬೇಡ.

ಪೂಜಾ ಬಂದಳು. ಧನುವಿಗೆ ಥಂಡಿಯಾದಾಗ ಈಗಲೂ ಡಾಕ್ಟರು ಕೊಟ್ಟ, ಬಾಯಿಗೆ ಹಿಡಿದು ಔಷಧ ಎಳೆದುಕೊಳ್ಳುವ ಪಂಪು ಬೇಕಾಗುತ್ತದೆ. ಆದರೆ ಬೆಳಿಗ್ಗೆ ಎದ್ದು ಮೊದಲು ಕೆಮ್ಮುವುದು ನಿಂತಿದೆ. ಮೊನ್ನೆ ಆಚೆ ಮನೆಯ ಜಟ್ಟ ಹಳೆ ಚಪ್ಪಲಿಗೆ ಬೆಂಕಿ ಹಚ್ಚಿದಾಗ ಓಣಿಗೆಲ್ಲ ಕೇಳುವಂತೆ ಒಂದು ದನಿ ಎದ್ದಿತು.

"ಜಟ್ಟಾ! ನಿಂಗೆಂತ ತಲೆ ಅದ್ಯಾ ಇಲ್ವಾ? ನಮ್ಮನೇಲಿ ಸಣ್ಣ ಕೂಸು ಅದೆ!"

ಕಾಮಿ ಚಿಕ್ಕಿಯ ದನಿ ಅದು. ನಾನು ಎರಡು ವರ್ಷ ಕೂಗಿದ್ದನ್ನೇ ಈಗ ಅವಳು ನನಗಿಂತ ಗಟ್ಟಿಯಾಗಿ ಕೂಗುತ್ತಾಳೆ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಇದನ್ನು ಕೇಳಿ ಎದ್ದು ಹೋಗುವಾಗ ನಿಮ್ಮ ಬಚ್ಚಲಿಗೊಮ್ಮೆ ಹೋಗಿ ಬನ್ನಿ. ಒಲೆಯ ಪಕ್ಕದಲ್ಲಿ ಪಾಕೀಟು, ಕೊಟ್ಟೆ, ಬಾಟಲಿ ಇದ್ದರೆ ತೆಗೆಯಿರಿ. ತೊಳೆದು ಒಣಗಿಸಿ ಕಸದ ಗಾಡಿಗೆ ಕೊಡಿ. ಗಾಡಿ ನಿಮ್ಮ ಓಣಿಗೆ ಬರದಿದ್ದರೆ ನಾಲ್ಕು ಮನೆಯವರು ಸೇರಿ ತಿರುವಿನಲ್ಲಿ ಒಂದು ಚೀಲ ಕಟ್ಟಿ, ಪಂಚಾಯ್ತಿಗೆ ಹೋಗಿ ಹೇಳಿ. ಒಲೆಗೆ ಒಣ ಸಿಪ್ಪೆ, ಸೋಗೆ ಸಾಕು. ಬೆಂಕಿ ಹಾಕುವಾಗ ಮಕ್ಕಳನ್ನೂ ಬಸುರಿಯರನ್ನೂ ದೂರ ಇಡಿ. ಮಗುವಿಗೆ ಕೆಮ್ಮು, ಎದೆಯಲ್ಲಿ ಸದ್ದು ಇದ್ದರೆ ಡಾಕ್ಟರಿಗೆ ತೋರಿಸಿ, ಅವರು ಕೇಳಿದ್ದಕ್ಕೆ ಮುಚ್ಚಿಡದೆ ಉತ್ತರ ಕೊಡಿ. ಉಸಿರಾಡಲು ಕಷ್ಟಪಡುತ್ತಿದ್ದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಓಡಿ. ನಾಳೆಯಿಂದ ನೋಡೋಣ ಅನ್ನಬೇಡಿ. ನಾಳೆ ಬೆಳಿಗ್ಗೆಯೂ ನಿಮ್ಮ ಮನೆಯ ಮಗು ಉಸಿರಾಡಬೇಕು.