ಒಂದು ಬೆರಳು ಜಾಗ

ಕ್ರೇನಿನ ಪಟ್ಟಿಯಲ್ಲಿ ತೂಗುತ್ತಿದ್ದ ತೊಲೆ, ಗೋಡೆಯಲ್ಲಿ ಬಿಟ್ಟಿದ್ದ ಗೂಡಿಗೆ ಇನ್ನೊಂದು ಗೇಣು ದೂರವಿದೆ ಅನ್ನುವಾಗ ಬಡಗಿ ಕೈಯೆತ್ತಿ ನಿಲ್ಲಿಸಿದ.

"ಗೂಡು ದೊಡ್ಡದಾಗಿದೆ. ಎರಡು ಪಕ್ಕದಲ್ಲೂ ಬೆರಳು ತೂರುತ್ತೆ. ಅಳತೆ ಹಿಡಿಯೋಕೆ ಬರಲ್ವಾ ಅಂತ ನಿನ್ನ ತಮ್ಮನ್ನ ಕೇಳು," ಎಂದು ಕೆಳಗಿದ್ದ ತಂಗಿಗೆ ಕೂಗಿ ಹೇಳಿದ.

ಅವಳ ತಮ್ಮ ಅವನಿಗೂ ತಮ್ಮನೇ. ಅದೇ ಅಟ್ಟಣಿಗೆಯ ಮೇಲೆ, ಮೂರಡಿ ಆಚೆ ನಿಂತಿದ್ದ.

"ಬೇಕಂತಲೇ ಬಿಟ್ಟಿದ್ದೀನಿ ಅಂತ ಹೇಳು ಅಕ್ಕಾ," ಎಂದ ತಮ್ಮ.

"ಇಬ್ಬರ ಕಿವಿಯೂ ನೆಟ್ಟಗಿದೆಯಲ್ಲ!" ಎಂದು ಅವಳು ಸೊಂಟದ ಮೇಲೆ ಕೈಯಿಟ್ಟಳು.

ಅಪ್ಪ ತೀರಿಕೊಂಡ ವರ್ಷವೇ ಚಿಕ್ಕವನು ಮರಗೆಲಸ ಬಿಟ್ಟು ಕಾಂಕ್ರೀಟಿನ ಕಡೆ ಹೋಗಿದ್ದ. ಅಂದಿನಿಂದ ಎಂಟು ವರ್ಷ ಅಣ್ಣ ಅವನೊಡನೆ ಮಾತಾಡಿರಲಿಲ್ಲ. ತಂಗಿ ಆಸ್ಪತ್ರೆಯಲ್ಲಿ ನರ್ಸ್. ರಾತ್ರಿ ಪಾಳಿ ಮುಗಿಸಿ ಹಗಲಲ್ಲಿ ಮಲಗುವವಳು. ತಾನು ಕಟ್ಟಿಸುವ ಮನೆಗೆ ಲಾರಿಗಳ ಸದ್ದು ಒಳಗೆ ಬಾರದ ಗೋಡೆ ಅವಳಿಗೆ ಬೇಕಿತ್ತು. ಕಣ್ಣು ಬಿಟ್ಟಾಗ ತಲೆಯ ಮೇಲೆ ಮರ ಕಾಣಬೇಕಿತ್ತು. ಹಾಗಾಗಿ ಗೋಡೆಯನ್ನು ತಮ್ಮನಿಗೆ, ಚಾವಣಿಯನ್ನು ಅಣ್ಣನಿಗೆ, ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳದೆ ಒಪ್ಪಿಸಿದ್ದಳು. ಗುಟ್ಟು ರಟ್ಟಾಗುವ ಹೊತ್ತಿಗೆ ಅಣ್ಣ ಆರೂ ತೊಲೆಗಳನ್ನು ಕೆತ್ತಿ ಮುಗಿಸಿದ್ದ.

ತಮ್ಮ ಥರ್ಮಾಕೋಲಿನ ಪೊಳ್ಳು ಅಚ್ಚುಗಳನ್ನು ಒಂದರ ಮೇಲೊಂದು ಜೋಡಿಸಿ, ಒಳಗೆ ಕಬ್ಬಿಣ ಕಟ್ಟಿ, ಕಾಂಕ್ರೀಟು ಸುರಿದಿದ್ದ. ಅಚ್ಚನ್ನು ತೆಗೆಯುವುದಿಲ್ಲ, ಅದೇ ಗೋಡೆಗೆ ಹೊದಿಕೆ. "ಟೀವಿ ಡಬ್ಬದಲ್ಲಿ ಸಂಸಾರ ಮಾಡ್ತಾಳಂತೆ," ಎಂದು ಅಣ್ಣ ವಾರವಿಡೀ ಗೊಣಗಿದ್ದ.

ಈಗ ಅವನು ಬಗ್ಗಿ ಗೂಡಿನೊಳಗೆ ಕೈ ಹಾಕಿದ. ತಳದಲ್ಲಿ ಕಬ್ಬಿಣದ ತಗಡು, ಅದರ ಮೇಲೆ ರಬ್ಬರಿನ ಹಾಳೆ. ಹಾಳೆಯಲ್ಲಿ ಒಂದಿಷ್ಟೂ ಸುಕ್ಕಿರಲಿಲ್ಲ.

"ಕಾಂಕ್ರೀಟು ತೇವ ಹಿಡಿಯುತ್ತೆ," ಎಂದ ತಮ್ಮ. "ಮರ ತಗುಲಿದ್ರೆ ತುದಿ ಕೊಳೆಯುತ್ತೆ. ತೊಲೆ ತುದಿಗೆ ಗಾಳಿಯಾಡಬೇಕು ಅಂತ ಅಪ್ಪ..." ಅಕ್ಕನಿಗೆ ಹೇಳುವುದನ್ನು ಮರೆತು ಅವನು ನೇರ ಅಣ್ಣನ ಮುಖ ನೋಡುತ್ತಿದ್ದ.

"ಅಪ್ಪ ಯಾವಾಗ ಹೇಳಿದ್ರು?"

"ಹಳೇ ಶಾಲೆ ಚಾವಣಿ ಬಿಚ್ಚಿದಾಗ. ಕೊಳೆತ ತುದೀನ ನನ್ನ ಕೈಯಲ್ಲೇ ಪುಡಿ ಮಾಡಿಸಿದ್ರು. ನೀನು ಮೇಲೆ ಹೆಂಚು ಇಳಿಸ್ತಿದ್ದೆ."

ಅಣ್ಣ ಗೂಡಿನಿಂದ ಕೈ ತೆಗೆಯಲಿಲ್ಲ. ಈ ಎಂಟು ವರ್ಷವೂ ಅಪ್ಪನ ಕೆಲಸವನ್ನು ತಮ್ಮ ಗಾಳಿಗೆ ತೂರಿ ಹೋದ ಎಂದೇ ಅವನು ನಂಬಿದ್ದ.

"ಅಲ್ಲಾಡಲ್ವಾ?" ಎಂದು ಕೇಳಿದ. ಸ್ವರ ತಗ್ಗಿತ್ತು.

"ಪಕ್ಕದಲ್ಲಿ ಕಬ್ಬಿಣದ ಪಟ್ಟಿ ಇದೆ. ನೀನು ಬೋಲ್ಟಿಗೆ ತೂತು ಕೊರೆದ್ರೆ ಸಾಕು, ಬಿಗಿಯಾಗಿ ಕೂರುತ್ತೆ."

"ಯಜಮಾನರೇ," ಎಂದು ಕ್ರೇನಿನವನು ಕಿಟಕಿಯಿಂದ ತಲೆ ಹೊರಹಾಕಿದ, "ಮನೆ ಮಾತು ಊಟಕ್ಕೆ ಕೂತಾಗ ಆಡ್ಕೊಳ್ಳಿ. ಇದನ್ನ ಎಷ್ಟೊತ್ತು ತೂಗಾಡಿಸಲಿ?"

ಅಣ್ಣ ಗಟ್ಟಿಯಾಗಿ ನಕ್ಕುಬಿಟ್ಟ. "ಆ ಕಡೆ ಹಿಡ್ಕೊಳ್ಳೋ," ಎಂದ ತಮ್ಮನಿಗೆ. "ಬೆರಳು ಜೋಪಾನ."

ತೊಲೆ ಒಳಸರಿದು ರಬ್ಬರಿನ ಮೇಲೆ ಸದ್ದಿಲ್ಲದೆ ಕೂತಿತು. ಮೇಲೆ ಇಬ್ಬರೂ ಒಂದೇ ಅಳತೆಪಟ್ಟಿಯ ಎರಡು ತುದಿ ಹಿಡಿದು ತೂತಿನ ಜಾಗದ ಬಗ್ಗೆ ವಾದ ಶುರು ಮಾಡಿದರು.

ಕೆಳಗೆ ತಂಗಿ ಮಿಕ್ಕ ಅಚ್ಚುಗಳ ಮೇಲೆ ಕಾಲು ಚಾಚಿ ಕೂತಳು. ಎರಡನೆಯ ತೊಲೆ ಮೇಲೇರುತ್ತಿತ್ತು. ಅದರ ನೆರಳು ಹಸಿ ನೆಲದ ಮೇಲೆ ಒಂದು ಗೋಡೆಯಿಂದ ಇನ್ನೊಂದರ ಬುಡದವರೆಗೆ ಮೆಲ್ಲಗೆ ಚಾಚಿಕೊಂಡಿತು.