ಸಭೆಗೆ ಮೊದಲೇ ಬರೆದ ನಡಾವಳಿ

ಏಕನಾಥರು ಸಭೆಯ ನಡಾವಳಿಯನ್ನು ಸಭೆಗೆ ಮೊದಲೇ ಬರೆದಿಡುತ್ತಿದ್ದರು. ಇದನ್ನು ಕೇಳಿ ಹುಬ್ಬೇರಿಸುವವರು ದಿಲ್ಲಿಯ ಸರ್ಕಾರಿ ಕಚೇರಿಯಲ್ಲಿ ಒಂದು ವಾರವೂ ಕೂತವರಲ್ಲ ಎಂದೇ ಅರ್ಥ. ಅಧ್ಯಕ್ಷರು ಸ್ವಾಗತಿಸುತ್ತಾರೆ, ವಿಷಯ ಗಂಭೀರವಾದದ್ದು ಎನ್ನುತ್ತಾರೆ, ಸಮೋಸ ಬರುತ್ತದೆ, ಸದಸ್ಯರು ಕೂಲಂಕಷವಾಗಿ ಚರ್ಚಿಸುತ್ತಾರೆ, ಮುಂದಿನ ಸಭೆಗೆ ದಿನ ಗೊತ್ತಾಗುತ್ತದೆ. ಮೂವತ್ತಾರು ವರ್ಷ ಸರ್ವಿಸ್ ಆದವರಿಗೆ ಇದನ್ನು ಬರೆಯಲು ಸಭೆ ಯಾಕೆ ಬೇಕು? ಈ ವಿದ್ಯೆಯನ್ನು ಹೇಳಿಕೊಟ್ಟವರು ಅವರ ಮೊದಲ ಸೆಕ್ಷನ್ ಆಫೀಸರ್ ಕೃಷ್ಣಮೂರ್ತಿ. "ಮೊದಲು ಮಿನಿಟ್ಸ್ ಬರೀ, ಆಮೇಲೆ ಮೀಟಿಂಗ್ ಕರಿ" ಎಂದಿದ್ದರು ಆ ಪುಣ್ಯಾತ್ಮರು. ಏಕನಾಥರು ಅದನ್ನು ಇಂದಿನವರೆಗೆ ಮೀರಿರಲಿಲ್ಲ.

ಈಗ ಅವರೇ ಸೆಕ್ಷನ್ ಆಫೀಸರ್. ಜೂನ್ ಮೂವತ್ತಕ್ಕೆ ನಿವೃತ್ತಿ. ಮೇಜಿನ ಮೇಲೆ ಉಳಿದಿದ್ದದ್ದು ಒಂದೇ ಕಡತ. ಉತ್ತರದ ಬೆಟ್ಟಗಳಲ್ಲಿ ಧಾರಕೋಟ್ ಎಂಬ ಅಣೆಕಟ್ಟು. ಅದರಿಂದ ನದಿಗೆ, ಮೀನಿಗೆ, ಸುತ್ತಲಿನ ಕಾಡಿಗೆ ಏನೇನಾಗಿದೆ ಎಂದು ಮೂರು ಸಂಸ್ಥೆಗಳ ವಿಜ್ಞಾನಿಗಳು ಒಟ್ಟಿಗೆ ಅಧ್ಯಯನ ಮಾಡಬೇಕು ಎಂದು ಮೂರು ವರ್ಷಗಳ ಹಿಂದೆ ತೀರ್ಮಾನವಾಗಿತ್ತು.

ಒಟ್ಟಿಗೆ ಎಂಬಲ್ಲಿಗೆ ಎಲ್ಲವೂ ನಿಂತಿತ್ತು. ಹೂಳಿನ ತಜ್ಞ, ದಿಲ್ಲಿಯದೇ ಹೌಜ್ ಖಾಸ್ ಬಡಾವಣೆಯ ಪ್ರೊಫೆಸರ್ ಕೇಶವಮೂರ್ತಿಯವರು ತಮ್ಮ ಐದು ವರ್ಷಗಳ ಅಂಕಿಅಂಶಗಳನ್ನು ಯಾರಿಗೂ ತೋರಿಸುತ್ತಿರಲಿಲ್ಲ. ಮೀನಿನ ತಜ್ಞೆ ಡಾ. ಸುಶೀಲಾ ನೇಗಿಯವರಿಗೆ ದೋಣಿ ಇಡೀ ವಾರ ತಮಗೊಬ್ಬರಿಗೇ ಬೇಕು. ಅಲ್ಲಿ ಇದ್ದದ್ದೇ ಒಂದು ದೋಣಿ. ಎಲ್ಲರೂ ಅದರಲ್ಲೇ ಹೋಗಿ ಎಂದರೆ, ಮುಂದಿನ ಸೀಟು ತಂಡದ ನಾಯಕನದು, ಆದ್ದರಿಂದ ಅದು ತನ್ನದು ಎಂದು ಕಾಡಿನ ತಜ್ಞ ಡಾ. ಚತುರ್ವೇದಿಯವರು ಪಟ್ಟು ಹಿಡಿಯುತ್ತಿದ್ದರು. ಮಳೆನೀರು ಬರುವ ಮೊದಲು ಮಾದರಿಗಳನ್ನು ತೆಗೆಯಬೇಕು. ಎರಡು ವರ್ಷ ಇವರ ಜಗಳ ಮುಗಿಯುವ ಮೊದಲೇ ಮಳೆ ಬಂದಿತ್ತು. ಈ ಸಲವೂ ಒಪ್ಪಿಗೆಯಾಗದಿದ್ದರೆ ಕಡತ ಮುಚ್ಚಿಬಿಡಿ ಎಂದು ಡೈರೆಕ್ಟರ್ ಭಟ್ನಾಗರ್ ಸಾಹೇಬರು ಹೇಳಿಯಾಗಿತ್ತು.

ಏಕನಾಥರಿಗೆ ಇದನ್ನು ಮುಚ್ಚಲು ಮನಸ್ಸಿರಲಿಲ್ಲ. ಇಷ್ಟು ವರ್ಷಗಳಲ್ಲಿ ಅವರು ಸಾಗಹಾಕಿದ ಕಡತಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಒಂದಾದರೂ ಕಾಗದ ಬಿಟ್ಟು ಆಚೆಗೆ ಹೋಗಿ ಮುಟ್ಟಿತೇ ಎಂದು ಕೇಳಿದರೆ ಹೇಳಲು ಅವರ ಹತ್ತಿರ ಏನೂ ಇರಲಿಲ್ಲ. ಇದೊಂದು ಮುಟ್ಟಲಿ ಎಂದು ಅವರಿಗೆ ಮಕ್ಕಳಂತೆ ಆಸೆಯಾಗಿತ್ತು.

ಆ ಆಸೆಯೇ ಕೈಯಲ್ಲಿ ಬರೆಸಿತು. ಮೇ ತಿಂಗಳ ಒಂದು ಶುಕ್ರವಾರ, ಮುಂದಿನ ಗುರುವಾರದ ಸಭೆಗೆ ನಡಾವಳಿ ಬರೆಯಲು ಕೂತವರು, ನಡೆಯಲಿರುವ ಸಭೆಯನ್ನು ಬಿಟ್ಟು ನಡೆಯಬೇಕಾದ ಸಭೆಯನ್ನು ಬರೆದರು. ಪ್ರೊ. ಕೇಶವಮೂರ್ತಿಯವರು ದೊಡ್ಡ ಮನಸ್ಸಿನಿಂದ ತಮ್ಮ ಅಂಕಿಅಂಶಗಳನ್ನು ಹಂಚಿಕೊಳ್ಳಲು ಒಪ್ಪಿದರು. ಮೂವರಿಗೂ ಒಂದೇ ದೋಣಿ ಸಾಕೆಂದು ಡಾ. ನೇಗಿಯವರು ಸಂತೋಷದಿಂದ ತಿಳಿಸಿದರು. ಡಾ. ಚತುರ್ವೇದಿಯವರು ನಗುತ್ತಾ ಮುಂದಿನ ಸೀಟನ್ನು ಬಿಟ್ಟುಕೊಟ್ಟರು. ಜೂನ್ ಎಂಟರಿಂದ ಮಾದರಿ ಸಂಗ್ರಹ. ಕೊನೆಯಲ್ಲಿ ಅಭ್ಯಾಸಬಲದಿಂದ, ಮೂರು ದಿನಗಳೊಳಗೆ ಆಕ್ಷೇಪಣೆ ಬಾರದಿದ್ದರೆ ಈ ನಡಾವಳಿಯು ಅಂಗೀಕೃತವೆಂದು ಭಾವಿಸಲಾಗುವುದು ಎಂಬ ಸಾಲು. ಬರೆದು, ಓದಿ, ತಾವೇ ನಕ್ಕು, ಎಲ್ಲರಿಗೂ ಕಾರ್ಯಸೂಚಿಯನ್ನು ಇಮೇಲ್ ಮಾಡಿ ಮನೆಗೆ ಹೋದರು.

ಶನಿವಾರ ಬೆಳಿಗ್ಗೆ ಕಿದ್ವಾಯಿ ನಗರದ ಮನೆಯ ಬಾಲ್ಕನಿಯಲ್ಲಿ ಕೂಲರ್‌ಗೆ ಪೈಪು ಹಾಕಿ ನೀರು ಬಿಟ್ಟು, ಮೊಬೈಲಿನಲ್ಲಿ ತಾವು ಕಳಿಸಿದ್ದನ್ನು ಸುಮ್ಮನೆ ತೆರೆದು ನೋಡಿದರು. ಕಾರ್ಯಸೂಚಿ ಅಲ್ಲಿರಲಿಲ್ಲ. ನಡಾವಳಿ ಇತ್ತು.

ಅದನ್ನು ಮೊದಲಿಂದ ಕೊನೆಯವರೆಗೆ ಇನ್ನೊಮ್ಮೆ ಓದಿದರು. ಕೂಲರ್ ತುಂಬಿ ಹರಿಯತೊಡಗಿತು.

"ರೀ! ಕೆಳಗಿನ ಮನೆಯವರು ಪಾನಿ ಪಾನಿ ಅಂತ ಬಡ್ಕೊಳ್ತಿದ್ದಾರೆ, ನಿಮಗೆ ಕಿವಿ ಕೇಳಿಸ್ತಿಲ್ವಾ?" ಎಂದು ಶಾರದಮ್ಮ ಅಡಿಗೆಮನೆಯಿಂದ ಓಡಿಬಂದು ನಲ್ಲಿ ನಿಲ್ಲಿಸಿದರು. "ಡ್ಯಾಮಿನ ಕಡತ ನೋಡ್ತೀರಂತೆ. ಒಂದು ಕೂಲರ್ ನೋಡ್ಕೊಳ್ಳೋಕಾಗಲ್ಲ."

ಏಕನಾಥರು ಮಗಳನ್ನು ಕೂಗಿದರು. ಗುರ್‌ಗಾಂವ್‌ನ ಕಂಪನಿಯೊಂದರಲ್ಲಿ ಕೆಲಸ ಮಾಡುವ ಅಮೂಲ್ಯ ಹಲ್ಲುಜ್ಜುತ್ತಲೇ ಬಂದಳು.

"ಮಗಾ, ಕಳಿಸಿದ ಮೇಲ್ ವಾಪಸ್ ತಗೊಳ್ಳೋದು ಅಂತ ಒಂದಿದೆಯಲ್ಲ, ಅದನ್ನ ಒತ್ತಿದ್ದೀನಿ. ಸಾಕಲ್ವಾ?"

"ಅರೇ ಪಪ್ಪಾ! ಅದು ಯಾಕೆ ಒತ್ತಿದೆ?" ಅಮೂಲ್ಯ ಬಾಯಿ ಮುಕ್ಕಳಿಸುವುದನ್ನೂ ಮರೆತಳು. "ನಿನ್ನ ಆಫೀಸ್ ಮೇಲಲ್ಲಿ ಅದು ಹೊರಗಿನವರಿಗೆ ಕೆಲಸ ಮಾಡಲ್ಲ. ಏಕನಾಥ್ ಅವರು ಆ ಮೇಲ್ ವಾಪಸ್ ಕೇಳ್ತಿದ್ದಾರೆ ಅಂತ ಎಲ್ಲರಿಗೂ ಇನ್ನೊಂದು ಮೇಲ್ ಹೋಗುತ್ತೆ, ಬಸ್, ಅಷ್ಟೇ. ಇಷ್ಟು ಹೊತ್ತು ಯಾರೂ ಓದಿರಲಿಲ್ಲ. ಅಬ್ ತೋ ಸಬ್ ಪಢೇಂಗೆ, ಒಬ್ಬರೂ ಬಿಡದೆ ಓದ್ತಾರೆ."

ಆ ಎರಡು ದಿನ ಏಕನಾಥರಿಗೆ ಅನ್ನ ಸೇರಲಿಲ್ಲ. ಒಪ್ಪದವರನ್ನು ಒಪ್ಪಿದರೆಂದು ಬರೆದದ್ದು ಕೈಯಾರೆ ಸಹಿ ಹಾಕಿದ ಸುಳ್ಳು. ಮೂವರೂ ಸಿಟ್ಟಿಗೇಳುತ್ತಾರೆ, ಅಧ್ಯಯನ ಅಲ್ಲಿಗೆ ಸತ್ತಂತೆ.

ಸೋಮವಾರ ಮೊದಲ ಉತ್ತರ ಡಾ. ನೇಗಿಯವರಿಂದ ಬಂತು. ಏಕನಾಥರು ಒಂದೇ ಕಣ್ಣು ತೆರೆದು ಓದಿದರು. 'ಎರಡನೆಯ ಅಂಶದಲ್ಲಿ ಸಂತೋಷದಿಂದ ಎಂಬ ಪದವನ್ನು ತೆಗೆಯಬೇಕು. ನಾನು ಒಪ್ಪಿದ್ದೇನೆ, ಸಂತೋಷಪಟ್ಟಿಲ್ಲ.' ಅಷ್ಟೇ. ಕೆಳಗೆ ವಂದನೆಗಳು.

ಮಧ್ಯಾಹ್ನ ಡಾ. ಚತುರ್ವೇದಿಯವರೇ ಫೋನ್ ಮಾಡಿದರು. "ಏಕನಾಥ್‌ಜೀ, ಸೀಟು ಬಿಟ್ಟುಕೊಟ್ಟದ್ದು ನನಗೆ ಚೆನ್ನಾಗಿ ನೆನಪಿದೆ," ಎಂದು ಹಿಂದಿಯಲ್ಲಿ ಗುಡುಗಿದರು. "ಆದರೆ ನಾನು ನಕ್ಕಿರಲಿಲ್ಲ. ನಗುತ್ತಾ ಅನ್ನೋದನ್ನು ಹೊಡೆದುಹಾಕಿ."

ಫೋನ್ ಇಟ್ಟ ಮೇಲೆ ಏಕನಾಥರಿಗೆ ಸಂಗತಿ ಅರ್ಥವಾಯಿತು. ಇವರೆಲ್ಲ ವಾರಕ್ಕೆ ಹತ್ತು ಆನ್‌ಲೈನ್ ಸಭೆಗಳಿಗೆ ಸೇರಿ, ಕ್ಯಾಮೆರಾ ಆರಿಸಿ, ಎದ್ದುಹೋಗಿ ತಮ್ಮ ಕೆಲಸ ನೋಡಿಕೊಳ್ಳುವವರು. ಇದೂ ಅಂಥದ್ದೇ ಒಂದು ಮುಗಿದುಹೋದ ಸಭೆ, ತಾನಿಲ್ಲದಾಗ ತಾನು ಏನೋ ಹೇಳಿರಬೇಕು ಎಂದು ಒಬ್ಬೊಬ್ಬರೂ ನಂಬಿದ್ದರು. ಉಳಿದವರು ಒಪ್ಪಿರುವಾಗ ತಾನೊಬ್ಬನೇ ಅಡ್ಡಬಂದವನೆಂದು ದಾಖಲಾಗಲು ಯಾರಿಗೆ ತಾನೇ ಇಷ್ಟ?

ಸತ್ಯ ಹೇಳಿಬಿಡಲೇ ಎಂದು ಏಕನಾಥರು ಎರಡು ಸಲ ಫೋನ್ ಎತ್ತಿ ಎರಡು ಸಲವೂ ಇಟ್ಟರು. ಮಂಗಳವಾರ ಸಂಜೆ ಅದೇ ಫೋನ್ ರಿಂಗಾಯಿತು.

"ಏಕನಾಥ್, ಕೇಶವಮೂರ್ತಿ ಮಾತಾಡ್ತಿರೋದು. ಮೀಟಿಂಗ್ ನಾಳಿದ್ದು ಗುರುವಾರ ಅಲ್ವೇನ್ರೀ?"

ಏಕನಾಥರು ಕುರ್ಚಿಯಿಂದ ಎದ್ದು ನಿಂತರು. "ಹೌದು ಸಾರ್. ತಪ್ಪಾಯ್ತು ಸಾರ್. ನಾನು ಮೊದಲೇ ಬರೆದಿಡೋನು. ಈ ಸಲ ಆಸೆಗೆ ಬಿದ್ದು ಏನೇನೋ ಬರೆದೆ. ಅದು ಕೈತಪ್ಪಿ ಹೋಗಿಬಿಡ್ತು. ಜೂನ್‌ಗೆ ರಿಟೈರ್ಡು. ಒಂದು ಕೆಲಸವಾದ್ರೂ ನೀರು ಮುಟ್ಟಲಿ ಅಂತ... ಈಗಲೇ ಎಲ್ಲರಿಗೂ ನಿಜ ಬರೀತೀನಿ."



"ದೊಡ್ಡ ಮನಸ್ಸಿನಿಂದ ಅಂತ ಬರೆದಿದ್ದೀರಿ," ಎಂದರು ಪ್ರೊಫೆಸರ್. "ನಮ್ಮ ಮನೆಯವಳಿಗೆ ಓದಿ ಹೇಳಿದೆ. ಇದು ಯಾರ ಬಗ್ಗೆ ಬರೆದಿರೋದು ಅಂತ ಕೇಳಿದ್ಲು."

"ಸಾರ್, ಅದು..."

"ತಮಾಷೆಗೆ ಕೇಳಿದ್ದಲ್ಲರೀ, ನಿಜವಾಗಿ ಕೇಳಿದ್ದು. ರಾತ್ರಿಯೆಲ್ಲ ಯೋಚನೆ ಮಾಡಿದೆ. ಆ ಅಂಕಿಅಂಶ ಯಾಕೆ ಕೊಡಲ್ಲ ಅಂದಿದ್ದೆ ಅಂತ ನಂಗೇ ನೆನಪಿಗೆ ಬರ್ಲಿಲ್ಲ. ಆ ಪದ ತೆಗೀಬೇಡಿ. ಇನ್ನಿಬ್ಬರಿಗೆ ನಿಜ ಹೇಳೋದು ನನಗೆ ಬಿಡಿ, ಬೆಟ್ಟಕ್ಕೆ ಹೋದ ಮೇಲೆ ಹೇಳ್ತೀನಿ. ಆದರೆ ನೀವೂ ದೋಣಿ ಹತ್ತಬೇಕು. ಆ ಮುಂದಿನ ಸೀಟಿಗೆ ಯಾವ ಶಾಸ್ತ್ರವೂ ಓದದವರು ಒಬ್ಬರು ಬೇಕು."

ಗುರುವಾರ ಎಲ್ಲರೂ ಬಂದರು; ಕೇಶವಮೂರ್ತಿಯವರ ಹೊರತು ಉಳಿದ ಸದಸ್ಯರೆಲ್ಲ ಇದನ್ನು ಎರಡನೆಯ ಸಭೆಯೆಂದೇ ತಿಳಿದಿದ್ದರು. ಯಾವುದೇ ಸಭೆಯ ಮೊದಲ ಕಲಾಪ ಹಿಂದಿನ ಸಭೆಯ ನಡಾವಳಿಯನ್ನು ಸ್ಥಿರೀಕರಿಸುವುದು. ಹಾಗಾಗಿ ಆ ಸಭೆಯು ತನ್ನದೇ ನಡಾವಳಿಯನ್ನು ಸ್ಥಿರೀಕರಿಸಿತು. ಎರಡನೆಯ ಕಲಾಪವೇ ಇರಲಿಲ್ಲ. ಭಟ್ನಾಗರ್ ಸಾಹೇಬರು ಸಹಿ ಹಾಕಿ, "ಇಷ್ಟು ದಕ್ಷವಾದ ಸಭೆಯನ್ನು ನಾನು ಕಂಡಿಲ್ಲ" ಎಂದರು. ಏಕನಾಥರು ಸಮೋಸದ ತಟ್ಟೆಯಿಂದ ಕಣ್ಣೆತ್ತಲಿಲ್ಲ.

ಜೂನ್ ಎಂಟರ ಮುಂಜಾನೆ, ಕಿತ್ತಳೆ ಬಣ್ಣದ ಲೈಫ್ ಜಾಕೆಟ್‌ನಲ್ಲಿ ಹೊಟ್ಟೆ ತುರುಕಿಕೊಂಡು ಏಕನಾಥರು ದೋಣಿಯ ಮುಂದಿನ ಸೀಟಿನಲ್ಲಿ ಕೂತಿದ್ದರು. ಜೇಬಿನಲ್ಲಿ ಪ್ರವಾಸ ವರದಿ ಸಿದ್ಧವಿತ್ತು; ಹಿಂದಿನ ವಾರವೇ ಬರೆದದ್ದು. ತಂಡವು ಆರು ಗಂಟೆಗೆ ಸರಿಯಾಗಿ ಹೊರಟಿತು, ಕಾರ್ಯವು ಸುಗಮವಾಗಿ ನೆರವೇರಿತು ಎಂದಿತ್ತು ಅದರಲ್ಲಿ. ಮೋಟಾರು ಎಂಟೂವರೆಗೆ ಚಾಲೂ ಆಯಿತು. ನಡುನೀರಿನಲ್ಲಿ ಕೇಶವಮೂರ್ತಿಯವರು ನಿಜ ಹೇಳಿದರು. ಡಾ. ನೇಗಿಯವರು ಬಲೆ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. ಡಾ. ಚತುರ್ವೇದಿಯವರು ಅರ್ಧ ಗಂಟೆ ಮುಖ ಊದಿಸಿಕೊಂಡಿದ್ದು, ಆಮೇಲೆ ವಾಂತಿ ಮಾಡಿಕೊಂಡು, ಆಮೇಲೆ ತಾವೂ ನಕ್ಕರು.

"ಇದನ್ನ ದಾಖಲು ಮಾಡಿ," ಎಂದರು. "ನಕ್ಕೆ."

ಕೇಶವಮೂರ್ತಿಯವರು ಖಾಲಿ ಬಾಟಲಿಯೊಂದನ್ನು ಏಕನಾಥರ ಕೈಗಿತ್ತರು. "ಮೊದಲನೇದು ನೀವೇ ತುಂಬಿ."

ಏಕನಾಥರು ಬಗ್ಗಿ ಮೊಣಕೈವರೆಗೆ ಕೈಯನ್ನು ಮುಳುಗಿಸಿದರು. ಮೂರು ವರ್ಷ, ನಾನೂರು ಪುಟಗಳ ಕಡತ, ಅದರಲ್ಲಿ ಎಲ್ಲೂ ಈ ಹಸಿರು ಬಣ್ಣ ಇರಲಿಲ್ಲ. ಅವರಿಗೆ ಅಳು ಬಂತು. ಮುಂದಿನ ಸೀಟಾದ್ದರಿಂದ ಯಾರಿಗೂ ಕಾಣಲಿಲ್ಲ.

ಬಾಟಲಿಗೆ ಮುಚ್ಚಳ ಹಾಕಿ, ಜೇಬಿನಿಂದ ವರದಿ ತೆಗೆದು ಮಡಚಿ ತೊಡೆಯ ಕೆಳಗೆ ಹಾಕಿಕೊಂಡರು. ಪ್ರೊಫೆಸರರ ಹತ್ತಿರ ಒಂದು ಬಿಳಿ ಹಾಳೆ ಕೇಳಿ ತೆಗೆದುಕೊಂಡರು. ಮೂವತ್ತಾರು ವರ್ಷಗಳಲ್ಲಿ ಮೊದಲ ಸಲ, ನಡೆದದ್ದನ್ನು ನಡೆದ ಮೇಲೆ ಬರೆಯಲು ಕೂತರು. ಕೈ ಇನ್ನೂ ಒದ್ದೆಯಾಗಿತ್ತು, ಹಾಳೆಯೂ ಒದ್ದೆಯಾಯಿತು.

ಒಂದು: ನೀರು ತುಂಬ ತಣ್ಣಗಿತ್ತು.