ಒಂದು ಕಾಲಂ ಜಾಗ

ಮೂವತ್ತಾರು ಪಾಯಿಂಟಿನ ತಲೆಬರಹದ ಅಕ್ಷರ ಪರದೆಯ ಮೇಲೆ ಎಷ್ಟು ಸಂಭಾವಿತವಾಗಿ ಕಾಣುತ್ತದೆ, ಎರಡು ಕಾಲಂ ಅಗಲದೊಳಗೆ ತೆಪ್ಪಗೆ ಕೂತಿದೆ, ಇಷ್ಟರಲ್ಲೇ ಮುಗಿಯಲಿ ದೇವರೇ, ಎರಡು ಕಾಲಂ ಅಂದರೆ ಗಾಯ, ಬ್ಯಾಂಡೇಜು, ಸಂಜೆಗೆ ಮನೆ — ಸಂಜೆ ಪತ್ರಿಕೆಯ ಮೊದಲ ಪುಟ ಜೋಡಿಸುತ್ತಲೇ ಕಣ್ಣು ಸವೆಸಿಕೊಂಡವಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ, ಸುದ್ದಿ ಬರುವ ಮೊದಲು ಅದರ ಜಾಗ ಬರುತ್ತದೆ, ಜಾಗ ನೋಡಿದರೆ ಸುದ್ದಿ ತಿಳಿಯುತ್ತದೆ. ಕಟ್ಟುತ್ತಿದ್ದ ಕಟ್ಟಡದ ತಾರಸಿ ಕುಸಿದಿದೆಯಂತೆ, ವರದಿಗಾರ ಅಲ್ಲಿಂದ ಸಂಪಾದಕರಿಗೆ ಫೋನ್ ಮಾಡುತ್ತಾನೆ, ಸಂಪಾದಕರು ಗಾಜಿನ ಕೋಣೆಯಿಂದ ಇವಳಿಗೆ ಕೂಗುತ್ತಾರೆ, ಆ ಕೂಗಿಗೇ ಅವರಿಗೆ ಗುಡುಗಪ್ಪ ಎಂದು ಹೆಸರು ಬಿದ್ದಿದ್ದು, ಎರಡು ಕಾಲಂ ಬಿಡು ಅಂದರು, ಬಿಟ್ಟಳು. ಅದೇ ಕಟ್ಟಡದಲ್ಲಿ ತನ್ನ ತಮ್ಮ ವೈರಿಂಗ್ ಮಾಡುತ್ತಿದ್ದಾನೆಂದು ಬಾಯಿ ಬಿಟ್ಟಿಲ್ಲ. ಹೇಳಿದರೆ ಅಯ್ಯೋ ಪಾಪ ಎಂದು ನೀರು ಕುಡಿಸಿ ಮನೆಗೆ ಕಳಿಸುತ್ತಾರೆ, ಅಮ್ಮನ ಮುಖ ನೋಡುತ್ತ ಕೂರುವುದೇ, ಬೇಡ, ಸುದ್ದಿ ಮೊದಲು ಬರುವುದು ಈ ಕುರ್ಚಿಗೆ, ಇಲ್ಲಿಂದ ಅಲ್ಲಾಡಬಾರದು.

ಫೋನ್ ಎತ್ತುತ್ತಿಲ್ಲ, ಎತ್ತುವುದಿಲ್ಲ ಅವನು, ಏಣಿ ಮೇಲಿದ್ದಾಗ ಫೋನ್ ಮಾಡ್ಬೇಡ ಅಕ್ಕಾ, ಒಂದು ಕೈಲಿ ಕರೆಂಟು, ಇನ್ನೊಂದು ಕೈಲಿ ನೀನು, ಎರಡೂ ಶಾಕೇ ಎನ್ನುತ್ತಾನೆ ಕತ್ತೆ, ಏಣಿ ಮೇಲಿರಬಹುದು, ಏಣಿ ಎಲ್ಲಿಗೆ ಒರಗಿಸಿದ್ದಾನೋ — ನಾಲ್ಕು ಕಾಲಂ ಮಾಡು! ಗಾಜು ನಡುಗಿತು, ಬಸ್ ದರದ ಸುದ್ದಿಯನ್ನು ಕೆಳಗೆ ತಳ್ಳಿ ಕೈ ತಾನಾಗಿ ಜಾಗ ಮಾಡಿಕೊಡುತ್ತಿದೆ, ಹಾಳು ಕೈ, ಎಷ್ಟು ಚುರುಕು. ನಿಮ್ಮ ಪೇಪರ್ ಓದೋದೇ ಬೇಡ ಕಣಕ್ಕಾ, ಎದುರುಗಡೆ ಅಂಗಡೀಲಿ ನೇತಾಡ್ತಿದ್ರೆ ಇಲ್ಲಿಂದ್ಲೇ ಗೊತ್ತಾಗುತ್ತೆ, ಅಕ್ಷರ ದಪ್ಪಗಿದ್ರೆ ಯಾರೋ ಹೋದ್ರು ಅಂತ, ಹಾಗಂದು ಅವನು ನಕ್ಕಾಗ ಇವಳೂ ನಕ್ಕಿದ್ದಳಲ್ಲ, ಅಮ್ಮ ಸಂಜೆ ಅದೇ ಅಂಗಡಿಗೆ ಹೋಗುತ್ತಾಳೆ, ಆ ಅಕ್ಷರಕ್ಕೆ ಅಮ್ಮನಿಗೆ ಕನ್ನಡಕವೂ ಬೇಕಾಗಿಲ್ಲ.

ಎಂಟೂ ಕಾಲಂ, ಎಪ್ಪತ್ತೆರಡು ಪಾಯಿಂಟು ಎಂದು ಗುಡುಗಿದರು. ಏನು ಬರೆಯಬೇಕೆಂದು ಹೇಳಲಿಲ್ಲ, ಜಾಗ ಹಿಡಿಯಲು ಅಆಇಈ ಎಂದು ಹೊಡೆದಳು, ಈ ಗಾತ್ರದಲ್ಲಿ ಅಆಇಈ ಕೂಡ ಎದೆ ನಡುಗಿಸುತ್ತದೆ, ಪುಟದ ಈ ತುದಿಯಿಂದ ಆ ತುದಿಗೆ ಕಪ್ಪು, ಮೆಲ್ಲಗೆ ಅರವತ್ತಕ್ಕೆ ಇಳಿಸಿದಳು, ಯಾರೋ ಒಬ್ಬ ಉಳಿದುಕೊಂಡ ಹಾಗೆ, ಐವತ್ತನಾಲ್ಕು, ಇನ್ನೊಬ್ಬ, ನಲವತ್ತೆಂಟಕ್ಕೆ ತಂದರೆ ಎಲ್ಲರೂ ಮೈ ಕೊಡವಿಕೊಂಡು ಎದ್ದು ಬರುತ್ತಾರೇನೋ — ಯಾರದು ಇಳಿಸಿದ್ದು, ಎಪ್ಪತ್ತೆರಡು ಅಂದೆನಲ್ಲ! ಅವರ ಪರದೆಯಲ್ಲೂ ಇದೇ ಪುಟ ತೆರೆದಿರುತ್ತದೆ, ಮತ್ತೆ ಏರಿಸಿದಳು. ಹುಚ್ಚಿ, ನಿನ್ನ ಕೈಯಲ್ಲೇನಿದೆ, ಬೆಳಿಗ್ಗೆ ಅವನು ಅಂಗಿಗೆ ಇಸ್ತ್ರಿ ಮಾಡಿಕೊಡು ಅಂದಾಗ ನಿನಗೇನು ಕೈ ಇಲ್ವಾ ಅಂದೆ, ಸುಕ್ಕು ಅಂಗಿಯಲ್ಲೇ ಹೋದ, ನೀರಿನ ಬಾಟಲಿ ಪಕ್ಕದಲ್ಲೇ ಇದೆ, ಎತ್ತಿಕೊಳ್ಳಲು ಆಗುತ್ತಿಲ್ಲ.

ಗಾಜಿನ ಬಾಗಿಲು ತೆರೆಯಿತು, ಗುಡುಗಪ್ಪ ಯಾವತ್ತೂ ಎದ್ದು ಬರುವವರಲ್ಲ, ಬಂದು ಕುರ್ಚಿಯ ಹಿಂದೆ ನಿಂತಿದ್ದಾರೆ, ಬಲಗಡೆ ಒಂದು ಕಾಲಂ ಫೋಟೋಗೆ ಜಾಗ ಬಿಡಮ್ಮ. ಇಷ್ಟು ಮೆತ್ತಗಿನ ದನಿ ಈ ಮನುಷ್ಯನಿಗೆ ಎಲ್ಲಿತ್ತು, ಅಮ್ಮ ಎಂದು ಯಾವತ್ತು ಕರೆದಿದ್ದರು, ಕಟ್ಟಡದ ಫೋಟೋ ಆದರೆ ನಾಲ್ಕು ಕಾಲಂ, ಮಾಲೀಕ ಪೊಲೀಸರ ಜೊತೆಗಿದ್ದರೆ ಎರಡು, ಒಂದು ಕಾಲಂನಲ್ಲಿ ಹಿಡಿಸುವುದು ಒಂದು ಮುಖ, ಮುಖ ಮಾತ್ರ. ಚೌಕ ಎಳೆದಳು, ಖಾಲಿ ಚೌಕದೊಳಗೆ ಮೂಲೆಯಿಂದ ಮೂಲೆಗೆ ಎರಡು ಗೆರೆ ತಾವಾಗಿ ಬಂದು ಅಡ್ಡ ಬಿದ್ದವು, ಇನ್ನೂ ಫೋಟೋ ಬಂದಿಲ್ಲ ಎನ್ನುವ ಗುರುತು, ದಿನಾ ನೋಡುವ ಗೆರೆ, ಫೋಟೋ ಎಲ್ಲಿಂದ ತರಿಸ್ಲಿ ಸಾರ್, ದಿನಾ ಕೇಳುವ ಪ್ರಶ್ನೆ, ಅವರು ಮೇಜಿನ ಮೇಲಿದ್ದ ಅವಳ ಫೋನಿನ ಕಡೆ ನೋಡಿದರು, ಆ ಕಟ್ಟಡದ ಮೇಸ್ತ್ರಿ ಹೇಳಿದ್ನಂತೆ, ಹುಡುಗನ ಅಕ್ಕ ನಮ್ಮ ಪೇಪರಲ್ಲೇ ಇರೋದು ಅಂತ, ನೀನ್ಯಾಕಮ್ಮ ನಮಗೆ ಹೇಳ್ಲಿಲ್ಲ, ಏಳು ಅನ್ನುತ್ತಿದ್ದಾರೆ, ಏಳುವುದಿಲ್ಲ, ಫೋಟೋ ಕೊಡದಿದ್ದರೆ ಚೌಕ ತುಂಬುವುದಿಲ್ಲ, ತುಂಬದ ಚೌಕ ಅಚ್ಚಿಗೆ ಹೋಗುವುದಿಲ್ಲ, ಖಾಲಿಯೇ ಇರಲಿ, ಆ ಎರಡು ಗೆರೆ, ಯಾರ ಮುಖ ಕೂರಿಸಿದರೂ ಗೆರೆ ಕೂಡುವ ಜಾಗಕ್ಕೆ ಮೂಗು ಬರಬೇಕು, ಆಗಲೇ ಮುಖ ನೆಟ್ಟಗೆ ಕಾಣುವುದು, ಇರಲಿ, ಖಾಲಿ, ಎರಡು ಗೆರೆ, ಗೆರೆ ಕೂಡುವಲ್ಲಿ ಮೂಗು, ಗೆರೆ ಕೂಡುವಲ್ಲಿ ಅವನ ಮೂಗು, ಗೆರೆ